ಮೂವರೇ ಅಧ್ಯಾಪಕರಿರುವ ಕಡೆ ಸ್ಪ್ಯಾನಿಷ್ ಓದಬಹುದೇ?

ಅಮೆರಿಕದ ಸಣ್ಣ ವಿಶ್ವವಿದ್ಯಾಲಯವೊಂದರಲ್ಲಿ ಸ್ಪ್ಯಾನಿಷ್ ಭಾಷೆ ಮತ್ತು ಸಂಸ್ಕೃತಿ ಓದಲು ಮಗಳಿಗೆ ಪ್ರವೇಶ ಸಿಕ್ಕಿದೆ, ವಿಭಾಗದಲ್ಲಿ ಇರುವುದೇ ಮೂವರು ಅಧ್ಯಾಪಕರು, ಕಳುಹಿಸಬಹುದೇ ಎಂದು ಕೇಳಿದ್ದೀರಿ. ಅಯೋವಾ ರಾಜ್ಯದ ಅಂಥದ್ದೇ ಒಂದು ಊರಿನಲ್ಲಿ ನಾಲ್ಕು ವರ್ಷ ಇದೇ ವಿಷಯ ಓದಿದವಳು ನಾನು. ಕಳುಹಿಸಿ ಎನ್ನುತ್ತೇನೆ. ಆದರೆ ಶುಲ್ಕ ಕಟ್ಟುವ ಮೊದಲು ವಿಚಾರಿಸಿಕೊಳ್ಳಬೇಕಾದದ್ದೊಂದಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ನಮ್ಮ ತರಗತಿಯಲ್ಲಿ ಒಂಬತ್ತು ಜನರಿದ್ದೆವು. ಅಡಗಿ ಕೂರಲು ಹಿಂದಿನ ಬೆಂಚೇ ಇರಲಿಲ್ಲ. ತಪ್ಪೋ ಸರಿಯೋ, ಪ್ರತಿದಿನ ಬಾಯಿ ಬಿಡಲೇಬೇಕಿತ್ತು. ಕನ್ನಡ ಬಲ್ಲವಳಾದ್ದರಿಂದ ನನಗೆ ಕೆಲವು ಕಡೆ ದಾರಿ ಸುಲಭವಾಯಿತು. ‘ಮೆ ಗುಸ್ತಾ ಎಲ್ ಕಫೆ’ ಎಂಬ ವಾಕ್ಯಕ್ಕೆ, ‘ಐ ಲೈಕ್’ ಎಂದೇ ಯೋಚಿಸುವ ಅಮೆರಿಕದ ಗೆಳತಿಯರು ತಿಣುಕಾಡುತ್ತಿದ್ದರು. ನನಗೆ ಅದು ‘ನನಗೆ ಕಾಫಿ ಇಷ್ಟ’ ಎಂದಷ್ಟೇ ಕೇಳಿಸುತ್ತಿತ್ತು. ‘ಆಬ್ಲೊ’ ಎಂದರೆ ‘ಮಾತನಾಡುತ್ತೇನೆ’. ಕ್ರಿಯಾಪದದಲ್ಲೇ ‘ನಾನು’ ಅಡಗಿದೆ. ‘ತು’, ‘ಉಸ್ತೆದ್’ ಎಂಬ ಭೇದವನ್ನು ನೀನು–ನೀವು ಬಲ್ಲವರಿಗೆ ವಿವರಿಸಬೇಕಿಲ್ಲ. ಕಾಡಿದ್ದು ಲಿಂಗ. ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ! ಎರಡನ್ನೂ ನಪುಂಸಕವೆಂದೇ ಕಂಡ ನನ್ನ ನಾಲಿಗೆ ಅದಕ್ಕೆ ಒಗ್ಗಲು ವರ್ಷವೇ ಹಿಡಿಯಿತು.

ಸಂಸ್ಕೃತಿಯ ಪಾಠ ಹೆಚ್ಚಾಗಿ ಸಿಕ್ಕಿದ್ದು ತರಗತಿಯ ಹೊರಗೆ. ಊರಿನ ಮಾಂಸ ಸಂಸ್ಕರಣಾ ಕಾರ್ಖಾನೆಯಲ್ಲಿ ದುಡಿಯಲು ಮೆಕ್ಸಿಕೊ, ಗ್ವಾಟೆಮಾಲಾಗಳಿಂದ ಬಂದ ಕುಟುಂಬಗಳಿದ್ದವು. ಎರಡನೆಯ ವರ್ಷ ನವೆಂಬರ್ 2ರಂದು, ಮೆಕ್ಸಿಕೊದವರು ಸತ್ತವರನ್ನು ಮನೆಗೆ ಕರೆಯುವ ದಿನ, ಅಧ್ಯಾಪಕಿ ನಮ್ಮನ್ನು ಒಬ್ಬರ ಮನೆಗೆ ಕರೆದೊಯ್ದರು. ಮೇಜಿನ ಮೇಲೆ ಮನೆಯ ಹಿರಿಯರ ಫೋಟೊ, ಅದರ ಮುಂದೆ ಒಂದು ಲೋಟ ನೀರು, ಉಪ್ಪು, ಸಿಹಿ ಬ್ರೆಡ್ಡು, ಅವರಿಗೆ ಇಷ್ಟವಾಗಿದ್ದ ಅಡುಗೆ, ಒಂದು ಪ್ಯಾಕೆಟ್ ಸಿಗರೇಟು. ಕೋಪಾಲ್ ಧೂಪದ ಹೊಗೆ. ಸುತ್ತಲೂ ಚೆಂಡುಹೂವು. ನನಗೆ ಮಾತೇ ಹೊರಡಲಿಲ್ಲ. ಮಂಡ್ಯದ ನಮ್ಮ ಮನೆಯಲ್ಲಿ ಪಿತೃಪಕ್ಷಕ್ಕೆ ಅಜ್ಜಿ ಎಡೆ ಇಡುವಾಗ ತಾತನಿಗೆಂದು ಬೀಡಿ ಕಟ್ಟನ್ನೂ ಇಡುತ್ತಿದ್ದರು. ಅದನ್ನು ನನ್ನ ಹರುಕುಮುರುಕು ಸ್ಪ್ಯಾನಿಷ್‌ನಲ್ಲಿ ಹೇಳಿದಾಗ ಆ ಮನೆಯಾಕೆ ನನ್ನ ಕೈ ಹಿಡಿದುಕೊಂಡು ಅತ್ತರು. ಆಯುಧಪೂಜೆಗೆ ನಾವು ಮೊಳಗಟ್ಟಲೆ ಕೊಳ್ಳುವ ಚೆಂಡುಹೂವಿನ ತವರು ಮೆಕ್ಸಿಕೊ ಎಂದು ನನಗೆ ತಿಳಿದದ್ದೂ ಅಂದೇ.

ಗ್ವಾಟೆಮಾಲಾದ ಕೆಲವು ಮಕ್ಕಳಿಗೆ ಸ್ಪ್ಯಾನಿಷ್ ಕೂಡ ಎರಡನೆಯ ಭಾಷೆ; ಮನೆಮಾತು ಕಿಚೆ, ಅಲ್ಲಿನ ಮೂಲನಿವಾಸಿಗಳಾದ ಮಾಯಾ ಜನರ ಒಂದು ಭಾಷೆ. ಆ ದೇಶದಲ್ಲಿ ಮಾಯಾ ಭಾಷೆಗಳೇ ಇಪ್ಪತ್ತಕ್ಕೂ ಹೆಚ್ಚಿವೆ. ಸ್ಪ್ಯಾನಿಷ್ ಮಾತಿನ ನಾಡುಗಳಿಂದ ಬಂದವರಿಗೆ ಅಮೆರಿಕದಲ್ಲಿ ಬಳಸುವ ‘ಹಿಸ್ಪಾನಿಕ್’ ಎಂಬ ಒಂದೇ ಪದದಡಿ ಎಷ್ಟೆಲ್ಲ ಜನರನ್ನು ಸೇರಿಸಿಬಿಟ್ಟಿದ್ದಾರೆ ಎಂಬುದು ಪಠ್ಯದಿಂದಲ್ಲ, ಅಲ್ಲಿನ ಶಾಲೆಯ ಪೋಷಕರ ಸಭೆಯಲ್ಲಿ ದುಭಾಷಿಯಾಗಿ ನಿಂತಾಗ ನನಗೆ ಅರ್ಥವಾಯಿತು.

ಈಗ ಎಚ್ಚರಿಕೆಯ ಮಾತು. ನಾನು ಮೂರನೆಯ ವರ್ಷದಲ್ಲಿದ್ದಾಗ ಒಬ್ಬ ಅಧ್ಯಾಪಕರು ನಿವೃತ್ತರಾದರು, ಆ ಹುದ್ದೆಯನ್ನು ತುಂಬಲಿಲ್ಲ. ನಾನು ಕಾದಿದ್ದ ವಸಾಹತು ಕಾಲದ ಸಾಹಿತ್ಯದ ಪಾಠವೇ ರದ್ದಾಯಿತು. ಆ ಕೊರತೆ ನನಗೆ ಇಂದಿಗೂ ನೋವು ಕೊಡುತ್ತದೆ. ಇದು ಒಂದು ಊರಿನ ಕಥೆಯಲ್ಲ. ಅಮೆರಿಕದ ಕಾಲೇಜುಗಳಲ್ಲಿ ಸ್ಪ್ಯಾನಿಷ್ ಕಲಿಯುವವರ ಸಂಖ್ಯೆ 2016ರಿಂದ 2021ರ ನಡುವೆ ಸುಮಾರು ಶೇ 18ರಷ್ಟು ಕುಸಿಯಿತು. ಸಣ್ಣ ಸಂಸ್ಥೆಗಳಲ್ಲಿ ವಿಭಾಗಗಳೇ ಮುಚ್ಚುತ್ತಿವೆ.

ಆದ್ದರಿಂದ ಮೂವರಲ್ಲಿ ಕಾಯಂ ಎಷ್ಟು ಜನ ಎಂದು ಕೇಳಿ. ಮೂರು, ನಾಲ್ಕನೆಯ ವರ್ಷದ ಯಾವ ಪಾಠಗಳು ಕಳೆದೆರಡು ವರ್ಷಗಳಲ್ಲಿ ನಿಜವಾಗಿ ನಡೆದಿವೆ, ವಿಭಾಗ ಮುಚ್ಚಿದರೆ ಈಗಾಗಲೇ ಸೇರಿದವರು ಪದವಿ ಮುಗಿಸಲು ಏನು ವ್ಯವಸ್ಥೆ, ಸ್ಪೇನ್‌ಗೋ ಪೆರುವಿಗೋ ಹೋಗುವ ಸೆಮಿಸ್ಟರ್‌ಗೂ ವಿದ್ಯಾರ್ಥಿವೇತನ ಸಿಗುತ್ತದೆಯೇ, ಎಲ್ಲವನ್ನೂ ಕೇಳಿ. ಜೊತೆಗೆ ಸ್ಪೇನ್ ಸರ್ಕಾರದ ಸೆರ್ವಾಂತೆಸ್ ಸಂಸ್ಥೆ ನಡೆಸುವ, ಸ್ಪ್ಯಾನಿಷ್ ಎಷ್ಟು ಬರುತ್ತದೆ ಎಂದು ಅಳೆಯುವ ‘ಡೆಲೆ’ ಪರೀಕ್ಷೆಯನ್ನು ಮಗಳು ಬರೆಯಲಿ. ವಿಶ್ವವಿದ್ಯಾಲಯದ ಹೆಸರು ಕೇಳದವರಿಗೂ ಆ ಪ್ರಮಾಣಪತ್ರ ಗೊತ್ತಿರುತ್ತದೆ, ಅದಕ್ಕೆ ಅವಧಿ ಮುಗಿಯುವುದೆಂಬುದೂ ಇಲ್ಲ.

ಫೋನಿನಲ್ಲಿ ಸಿಹಿಯಾಗಿ ಹೇಳಿದರೆಂದು ಸುಮ್ಮನಾಗಬೇಡಿ. ಇಮೇಲ್‌ನಲ್ಲಿ ಉತ್ತರ ತರಿಸಿಕೊಂಡು ಪ್ರವೇಶ ಪತ್ರದ ಜೊತೆಗೇ ಇಟ್ಟುಕೊಳ್ಳಿ.