ಬಸ್ಸಿನಲ್ಲಿ ಬರುವ ಬುತ್ತಿ

ಓದುಗರ ಪ್ರಶ್ನೆ, ಅಕ್ಕನ ಉತ್ತರ

ಪ್ರಶ್ನೆ: ಅಕ್ಕಾ, ನಾನು ಜೇವರ್ಗಿ ತಾಲ್ಲೂಕಿನ ಹಳ್ಳಿಯವನು. ನಾಲ್ಕು ಮಂದಿ ಗೆಳೆಯರು ಕೂಡಿ ಕಲಬುರಗಿಯಲ್ಲಿ ರೂಮು ಮಾಡಿದ್ದೇವೆ. ಬಿ.ಎ. ಎರಡನೇ ವರ್ಷ. ವಾರಕ್ಕೆ ಎರಡು ಸಲ ಅವ್ವ ಬೆಳಗಿನ ಬಸ್ಸಿಗೆ ಬುತ್ತಿ ಕಟ್ಟಿ ಕಳಿಸುತ್ತಾಳೆ. ಬಸ್‌ಸ್ಟ್ಯಾಂಡಿಗೆ ಹೋಗಿ ಇಸಕೊಂಡು ಬರುತ್ತೇನೆ. ಆದರೆ ಎಷ್ಟೋ ಸಲ ಆ ಗಂಟು ಬಿಚ್ಚುವುದೇ ಇಲ್ಲ. ಸಂಜೆ ಬಂಡಿಯ ಮೇಲೆ ಗೋಬಿ, ಎಗ್ ರೈಸ್, ತಿಂಗಳ ಮೊದಲ ವಾರ ಕೈಯಲ್ಲಿ ರೊಕ್ಕ ಇದ್ದರೆ ಬರ್ಗರ್. ಮೊನ್ನೆ ನಮ್ಮ ಇಂಗ್ಲಿಷ್ ಸರ್, ಎರಿಕ್ ಶ್ಲೋಸರ್ 2001ರಲ್ಲಿ ಬರೆದ ‘ಫಾಸ್ಟ್ ಫುಡ್ ನೇಷನ್’ ಓದಲು ಕೊಟ್ಟರು. ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಇಪ್ಪತ್ತು ದಿನ ಓದಿದೆ. ಅಮೆರಿಕದ ಕಸಾಯಿಖಾನೆಗಳಲ್ಲಿ ಕೈ ಕಳೆದುಕೊಂಡ ಕೂಲಿಗಳ ಅಧ್ಯಾಯ ಮುಗಿಸಿದ ರಾತ್ರಿ ಎದ್ದು ಅವ್ವನ ಗಂಟು ಬಿಚ್ಚಿದೆ. ರೊಟ್ಟಿಗೆ ಹಸಿರು ಬೂಸ್ಟು ಬಂದಿತ್ತು. ಅಕ್ಕಾ, ಫಾಸ್ಟ್ ಫುಡ್ ಪರದೇಶದ್ದೆಂದೇ ಕೆಟ್ಟದ್ದೇ? ಗೋಬಿ ಪೂರಾ ಬಿಡಬೇಕೇ? ನಮ್ಮ ಊಟಕ್ಕೆ ನಾನು ಹೇಗೆ ಮರಳಲಿ?
– ವಿದ್ಯಾರ್ಥಿ, ಕಲಬುರಗಿ

ಉತ್ತರ: ತಮ್ಮಾ, ನಿನ್ನ ಕಾಗದವನ್ನು ಮೂರು ಸಲ ಓದಿದೆ. ಬೂಸ್ಟು ಬಂದ ರೊಟ್ಟಿಯ ಸಂಗತಿಯನ್ನು ಮುಚ್ಚಿಡದೆ ಬರೆದೆಯಲ್ಲ, ಅದಕ್ಕೇ ಈ ವಾರ ಬೇರೆ ಪ್ರಶ್ನೆಗಳನ್ನೆಲ್ಲ ಬದಿಗಿಟ್ಟು ನಿನಗೊಬ್ಬನಿಗೇ ಬರೆಯುತ್ತಿದ್ದೇನೆ.

ಪರದೇಶದ ಮಾತು ಮೊದಲು ಮುಗಿಸೋಣ. ನಾವು ನಮ್ಮದೆಂದು ಎದೆ ತಟ್ಟಿ ಹೇಳುವ ಜೋಳ ಸಾವಿರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದದ್ದು. ಹಿಂಡಿಗೆ, ಅಂದರೆ ಚಟ್ನಿಪುಡಿಗೆ, ಬೇಕಾದ ಶೇಂಗಾ, ಮೆಣಸಿನಕಾಯಿ ಎರಡೂ ಅಮೆರಿಕ ಖಂಡದವು, ಹಡಗಿನಲ್ಲಿ ಬಂದವು. ತೊಗರಿ ಮಾತ್ರ ಈ ದೇಶದ್ದೇ ಬೆಳೆ. ನಮ್ಮ ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ, ಮಾನ್ಯತೆಯೂ ಸಿಕ್ಕಿದೆ. ಇತ್ತ ಗೋಬಿ ಮಂಚೂರಿ ಹೆಸರಿಗಷ್ಟೇ ಚೀನಾದ್ದು, ಹುಟ್ಟಿದ್ದು ಭಾರತದಲ್ಲೇ. ಹಾಗಾಗಿ ಎಲ್ಲಿಂದ ಬಂತು ಅನ್ನುವುದನ್ನು ಹಿಡಿದುಕೊಂಡು ಊಟವನ್ನು ಅಳೆಯಲಾಗದು.

ಹಾಗಾದರೆ ಯಾವುದನ್ನು ಹಿಡಿದು ಅಳೆಯಬೇಕು? ನೀನು ಓದಿದ ಪುಸ್ತಕದಲ್ಲೇ ಅದಿದೆ, ಮತ್ತೊಮ್ಮೆ ತೆಗೆದು ನೋಡು. 1948ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೊ ಊರಲ್ಲಿ ಮೆಕ್‌ಡೊನಾಲ್ಡ್ ಅಣ್ಣತಮ್ಮಂದಿರು ಚೆನ್ನಾಗಿ ನಡೆಯುತ್ತಿದ್ದ ತಮ್ಮ ಹೋಟೆಲನ್ನು ಮುಚ್ಚಿ, ಅಡುಗೆಮನೆಯನ್ನೇ ಬದಲು ಮಾಡಿ ಮತ್ತೆ ತೆರೆದರು. ಚಾಕು, ಚಮಚ, ಫೋರ್ಕು ಬೇಕಾಗುವ ಪದಾರ್ಥಗಳನ್ನೆಲ್ಲ ಪಟ್ಟಿಯಿಂದ ತೆಗೆದರು. ಒಬ್ಬ ಮಾಂಸದ ಬಿಲ್ಲೆ ಸುಡುವವನು, ಒಬ್ಬ ಕಟ್ಟಿಕೊಡುವವನು, ಒಬ್ಬ ಆಲೂ ಕರಿಯುವವನು. ಪೂರಾ ಅಡುಗೆ ಬಲ್ಲವನು ಅಲ್ಲಿ ಒಬ್ಬನೂ ಬೇಕಾಗಲಿಲ್ಲ. ಇವತ್ತು ಬಂದ ಹುಡುಗನನ್ನು ನಾಳೆ ಕಳಿಸಿ ನಾಡಿದ್ದು ಇನ್ನೊಬ್ಬನನ್ನು ನಿಲ್ಲಿಸಬಹುದು. ತಿನ್ನುವವನಿಗೆ ಸಿಕ್ಕ ವೇಗ ಅಲ್ಲಿಂದ ಬಂತು. ರುಚಿಯೂ ಆ ಅಡುಗೆಮನೆಯದಾಗಿ ಉಳಿಯಲಿಲ್ಲ. ಅಮೆರಿಕದಲ್ಲಿ ಆ ಕಂಪನಿ 1990ರವರೆಗೆ ಆಲೂ ಕರಿಯುತ್ತಿದ್ದದ್ದು ಹೆಚ್ಚಾಗಿ ದನದ ಕೊಬ್ಬಿನಲ್ಲಿ. ಎಣ್ಣೆಗೆ ಬದಲಾದಾಗ ಹಳೆಯ ರುಚಿ ಹೋಗಬಾರದೆಂದು ಕಾರ್ಖಾನೆಯಲ್ಲಿ ತಯಾರಾದ ರುಚಿಯನ್ನು ಸೇರಿಸಿದರು. 

ಮಾಡಿದ ಕೈ ಕಾಣದಂತಾಗುವುದು, ನನಗೆ ಅದರಲ್ಲಿ ನೋಯಿಸುವುದು ಇದೇ. ನಿನಗೂ ಆ ರಾತ್ರಿ ನೋಯಿಸಿದ್ದು ಇದೇ ಇರಬೇಕು. ಇಲ್ಲದಿದ್ದರೆ ಕೂಲಿಗಳ ಕೈ ಬಗ್ಗೆ ಓದಿ ನೀನು ಅವ್ವನ ಗಂಟಿನ ಕಡೆ ಯಾಕೆ ಹೋಗುತ್ತಿದ್ದೆ?

ಈಗ ಒಂದು ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಬಸ್ಸಿನಲ್ಲಿ ಬರುವ ಬುತ್ತಿಯೂ ನಿನ್ನ ಪಾಲಿಗೆ ಫಾಸ್ಟ್ ಫುಡ್ಡೇ ಆಗಿದೆ. ಕಟ್ಟಿದ್ದು ಬರುತ್ತದೆ, ಬಿಚ್ಚಿದರೆ ಊಟ, ಮಾಡಿದ ಕೈ ದೂರದ ಹಳ್ಳಿಯಲ್ಲೆಲ್ಲೋ ಇರುತ್ತದೆ. ಬೆಳಗಿನ ಬಸ್ಸಿಗೆ ಬುತ್ತಿ ಮುಟ್ಟಬೇಕೆಂದರೆ ನಿನ್ನವ್ವ ಎಷ್ಟು ಗಂಟೆಗೆ ಏಳುತ್ತಾಳೆ, ಕೇಳಿದ್ದೀಯಾ? ನಮ್ಮ ಆಳಂದ ಕಡೆಯ ಮನೆಯಲ್ಲಿ ನನ್ನವ್ವ ನಾಲ್ಕಕ್ಕೆ ಒಲೆ ಹೊತ್ತಿಸುತ್ತಿದ್ದಳು. ಒಂಬತ್ತು ಮಂದಿಯ ಮನೆ. ಹಂಚಿನ ಅಂಚು ತಾಕಿ ತಾಕಿ ಅವಳ ಬಲಗೈ ಕಿರುಬೆರಳಿನ ಪಕ್ಕ ಕರ್ರಗಿನ ಒಂದು ಗೆರೆಯೇ ಉಳಿದಿತ್ತು. ನಾನು ಕಾಲೇಜಿನಲ್ಲಿ ಇಪ್ಪತ್ತೆಂಟು ವರ್ಷ ಹೋಮ್ ಸೈನ್ಸ್ ಪಾಠ ಹೇಳಿದೆ, ಜೋಳದ ಪೋಷಕಾಂಶಗಳನ್ನು ಬೋರ್ಡಿನ ಮೇಲೆ ಬರೆದು ತೋರಿಸಿದೆ. ಆದರೆ ಅವ್ವ ಬಿಸಿ ರೊಟ್ಟಿ ಉಣ್ಣುವುದನ್ನು ನಾನು ಕಂಡದ್ದು ಎರಡೋ ಮೂರೋ ಸಲ. ಅದು ನನಗೆ ಹೊಳೆದದ್ದು ಅವಳು ಹೋದಮೇಲೆ. ಆದ್ದರಿಂದ “ನಮ್ಮ ಸಂಸ್ಕೃತಿಯ ಊಟ” ಎಂದು ಯಾರಾದರೂ ಭಾಷಣ ಮಾಡಿದರೆ, ಆ ಊಟದ ರೊಟ್ಟಿ ಬಡಿದವರು ಯಾರು ಎಂದು ಕೇಳುತ್ತೇನೆ.

ಗೋಬಿ ವಿಷಯ ಬೇಗ ಹೇಳಿಬಿಡುತ್ತೇನೆ. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು, ಜೂನ್‌ನಲ್ಲಿ ಕಬಾಬಿಗೂ ಅದೇ ನಿಯಮ ಬಂತು. ಬೆರಳಿಗೆ ಕೆಂಪು ಅಂಟುವ ಗೋಬಿ, ಕಪ್ಪಾಗಿ ನೊರೆ ಕಟ್ಟುವ ಎಣ್ಣೆ ಕಂಡರೆ ಅಲ್ಲಿಂದ ಎದ್ದು ಬಾ. ಹಾಗಿಲ್ಲದ ಕಡೆ ಹತ್ತು ಹದಿನೈದು ದಿನಕ್ಕೊಮ್ಮೆ ಗೆಳೆಯರ ಜೊತೆ ತಿಂದರೆ ತಪ್ಪೇನಿಲ್ಲ. ಬಂಡಿಯಲ್ಲಿ ಬಾಣಲೆ ಆಡಿಸುವ ಹುಡುಗ ನಿನ್ನದೇ ವಯಸ್ಸಿನವನಿರುತ್ತಾನೆ, ಯಾದಗಿರಿಯವನೋ ಸುರಪುರದವನೋ. ಅವನ ಊರು ಯಾವುದು ಎಂದು ಒಮ್ಮೆ ಕೇಳು.

ಇನ್ನು ಮರಳುವ ಮಾತು. ಅವ್ವನಿಗೆ ಇವತ್ತೇ ಫೋನ್ ಮಾಡಿ, ಮೆತ್ತನೆ ರೊಟ್ಟಿ ಬೇಡ, ತಿಂಗಳಿಗೊಮ್ಮೆ ಒಣಗಿಸಿದ ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಇಷ್ಟೇ ಕಳಿಸು ಎಂದು ಹೇಳು. ತೇವ ತಾಗದಿದ್ದರೆ ಕಟಕ್ ರೊಟ್ಟಿಗೆ ಬೂಸ್ಟು ಬರುವುದಿಲ್ಲ. ಮುರಿದ ರೊಟ್ಟಿ, ಹಿಂಡಿ, ಮೇಲೆ ಗಟ್ಟಿ ಮೊಸರು, ಪಕ್ಕಕ್ಕೊಂದು ಉಳ್ಳಾಗಡ್ಡಿ. ಬಂಡಿಯ ಹುಡುಗ ಬಾಣಲೆ ಕಾಯಿಸುವುದರೊಳಗೆ ನಿನ್ನ ಊಟ ಮುಗಿದಿರುತ್ತದೆ. ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಆ ಮೂರೂ ಗೆಳೆಯರನ್ನು ನಿಮ್ಮ ಹೊಲಕ್ಕೆ ಕರೆದುಕೊಂಡು ಹೋಗು. ಹೊಲಕ್ಕೆ ಎಡೆಯ ಚರಗ ಚೆಲ್ಲಿ, ಸಜ್ಜಿ ರೊಟ್ಟಿಗೆ ಕಾಳು-ಸೊಪ್ಪಿನ ಭಜ್ಜಿ ಹಚ್ಚಿ ತಿಂದ ಹುಡುಗರಿಗೆ ಬೇರೆ ಉಪದೇಶ ಬೇಕಾಗುವುದಿಲ್ಲ.

ಮೆತ್ತನೆ ರೊಟ್ಟಿ ಬೇಕೆಂದರೆ ನೀನೇ ಬಡಿಯಬೇಕು. ಹುಡುಗರು ರೊಟ್ಟಿ ಬಡಿಯುವುದಿಲ್ಲ ಎನ್ನುವ ಮಾತನ್ನು ರೂಮಿನ ಹೊರಗೇ ಬಿಟ್ಟು ಬಾ.

ಎರಡು ಕಿಲೋ ಬಿಳಿಜೋಳ ತಂದು ಗಿರಣಿಯಲ್ಲಿ ಬೀಸಿಸಿಕೋ. ಪ್ಯಾಕೆಟ್ ಹಿಟ್ಟು ಹಳತಾಗಿದ್ದರೆ ಜಿಗಿ ಇರುವುದಿಲ್ಲ. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ತನ್ನದೇ ಅಂಟು ಇಲ್ಲ, ಅದಕ್ಕೇ ಎಸರು ಬೇಕು. ಹಿಟ್ಟಿನ ನಡುವೆ ಕುಣಿ ಮಾಡಿ ಕುದಿಯುವ ನೀರು ಹೊಯ್ದು, ಚಮಚದಿಂದ ಕಲಸಿ, ಎರಡು ನಿಮಿಷ ಬಿಡು. ಬಿಸಿಗೆ ಹಿಟ್ಟಿನ ಪಿಷ್ಟ ಅರಳಿ ಅಂಟು ಬರುತ್ತದೆ. ಆಮೇಲೆ ಅಂಗೈ ಬುಡದಿಂದ ನಾದು. ಒಮ್ಮೆಗೆ ಒಂದು ರೊಟ್ಟಿಯಷ್ಟೇ ನಾದು, ಎಲ್ಲವನ್ನೂ ಕೂಡಿಸಿ ನಾದಿದರೆ ಕೊನೆಯದಕ್ಕೆ ಬರುವಷ್ಟರಲ್ಲಿ ಬಿರುಕು ಬಿಡುತ್ತದೆ. ಒಣಹಿಟ್ಟು ಉದುರಿಸಿ ಬಲಗೈಯಿಂದ ಬಡಿ, ಎಡಗೈ ಅಂಚನ್ನು ಕಾಯುತ್ತಾ ತಿರುಗಿಸುತ್ತಿರಲಿ. ಹಿಟ್ಟು ಹತ್ತಿದ ಮಗ್ಗಲು ಮೇಲೆ ಬರುವಂತೆ ಹಂಚಿಗೆ ಹಾಕು, ಒದ್ದೆ ಅರಿವಿಯಿಂದ ನೀರು ಸವರು, ಆ ನೀರು ಆರುತ್ತಾ ಬಂದಾಗ ಮಗುಚು. ಉಬ್ಬಿದರೆ ಹದ ಸಿಕ್ಕಿತೆಂದು ತಿಳಿ.

ಮೊದಲ ದಿನ ಎತ್ತುವಾಗಲೇ ಒಡೆಯುತ್ತದೆ. ಎಸೆಯಬೇಡ. ಚೂರುಗಳನ್ನೇ ಹಂಚಿನ ಮೇಲೆ ಬೇಯಿಸಿಕೋ. ನಾಲ್ಕೈದು ಎಸಳು ಬಳ್ಳೊಳ್ಳಿ, ಎರಡು ಹಸಿಮೆಣಸಿನಕಾಯಿ, ಉಪ್ಪು ಜಜ್ಜಿ, ಬಿಸಿ ಇರುವಾಗಲೇ ಆ ಚೂರುಗಳನ್ನು ಅದರಲ್ಲಿ ಹಾಕಿ ಕುಟ್ಟಿ, ಒಂದು ಚಮಚ ಶೇಂಗಾ ಎಣ್ಣೆ ಬಿಟ್ಟು, ಮುಷ್ಟಿಯಲ್ಲಿ ಒತ್ತಿ ಮುಟಗಿ ಕಟ್ಟು. ಒಡೆದ ಎರಡು ರೊಟ್ಟಿಗೆ ನಾಲ್ಕು ಮುಟಗಿ ಬರುತ್ತವೆ. ನಿಮ್ಮ ರೂಮಿನಲ್ಲಿ ನಾಲ್ವರಿದ್ದೀರಿ.