100ಕ್ಕೆ 100 ಅಂಕ ಬಂದ ಜಾಲತಾಣದಲ್ಲಿ ಅರ್ಜಿ ಯಾಕೆ ತುಂಬಲಾಗುತ್ತಿಲ್ಲ?

ಅಂಗವಿಕಲರಿಗೆ ಜಾಲತಾಣ ಬಳಸಲು ಆಗುತ್ತದೆಯೇ ಎಂದು ತಪಾಸಣೆ (ಆಡಿಟ್) ಮಾಡುವ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ಒಂದು ಸೇವಾಸಂಸ್ಥೆಯ ಜಾಲತಾಣ ನೋಡಿಕೊಳ್ಳುತ್ತೇನೆ. ಜಾಲತಾಣಗಳನ್ನು ತಾನಾಗಿ ಪರೀಕ್ಷಿಸುವ ಲೈಟ್‌ಹೌಸ್ ಟೂಲ್‌ನಲ್ಲಿ ಆಕ್ಸೆಸಿಬಿಲಿಟಿಗೆ (ಅಂಗವಿಕಲರೂ ಬಳಸುವಂತಿರುವುದಕ್ಕೆ) 100ಕ್ಕೆ 100 ಬಂದಿದೆ. ಆದರೂ ಕಣ್ಣು ಕಾಣದ ಒಬ್ಬರು ‘ನಿಮ್ಮ ಅರ್ಜಿ ತುಂಬಲು ಆಗುತ್ತಿಲ್ಲ’ ಎಂದು ಎರಡು ಸಲ ಬರೆದಿದ್ದಾರೆ. ಟೂಲ್ ಸರಿಯೋ, ಅವರು ಸರಿಯೋ? ಆಡಿಟ್ ಎಲ್ಲಿಂದ ಶುರು ಮಾಡಲಿ?

ಅವರು ಹೇಳುತ್ತಿರುವುದೇ ಸರಿ. ಮೊದಲು ಅವರಿಗೆ ಉತ್ತರ ಬರೆಯಿರಿ. ಯಾವ ಬ್ರೌಸರ್, ಯಾವ ಸ್ಕ್ರೀನ್ ರೀಡರ್ (ಪರದೆಯಲ್ಲಿರುವುದನ್ನು ಓದಿ ಹೇಳುವ ಸಾಫ್ಟ್‌ವೇರ್), ಅರ್ಜಿ ಎಲ್ಲಿಗೆ ಬಂದು ನಿಂತಿತು ಎಂದು ಕೇಳಿ. ಫೋನಿನಲ್ಲೋ ಇಮೇಲ್‌ನಲ್ಲೋ ಅವರ ಅರ್ಜಿಯನ್ನು ಇವತ್ತೇ ತೆಗೆದುಕೊಳ್ಳಿ. ನಿಮ್ಮ ಆಡಿಟ್ ಮುಗಿಯುವವರೆಗೆ ಅವರು ಕಾಯಬೇಕಾಗಿಲ್ಲ.

ಟೂಲ್ ಸುಳ್ಳು ಹೇಳಿಲ್ಲ, ತನಗೆ ಗೊತ್ತಾದಷ್ಟನ್ನು ಹೇಳಿದೆ. ಚಿತ್ರಕ್ಕೆ ಆಲ್ಟ್ ಪಠ್ಯ, ಅಂದರೆ ಅದನ್ನು ನೋಡಲಾಗದವರಿಗಾಗಿ ಬರೆದಿಟ್ಟ ವಿವರಣೆ, ಇದೆಯೇ ಇಲ್ಲವೇ ಎಂಬುದು ಅದಕ್ಕೆ ತಿಳಿಯುತ್ತದೆ. ಆದರೆ ಅಲ್ಲಿ ‘ಚಿತ್ರ 2034’ ಎಂದಷ್ಟೇ ಬರೆದಿದ್ದರೆ ಅದರಿಂದ ಯಾರಿಗೂ ಏನೂ ಪ್ರಯೋಜನವಿಲ್ಲ ಎಂಬುದು ಅದಕ್ಕೆ ತಿಳಿಯುವುದಿಲ್ಲ. ಖಾನೆಗೆ ಲೇಬಲ್ ಇದೆಯೇ ಎಂದು ನೋಡುತ್ತದೆ, ಆ ಲೇಬಲ್ ಓದಿದವರಿಗೆ ಏನು ತುಂಬಬೇಕೆಂದು ಅರ್ಥವಾಗುತ್ತದೆಯೇ ಎಂದು ನೋಡುವುದಿಲ್ಲ. ಅಂಕ ಕಡಿಮೆ ಬಂದರೆ ತಪ್ಪಿದೆ ಎಂದು ನಂಬಬಹುದು, ಪೂರ್ತಿ ಅಂಕ ಬಂದರೆ ತಪ್ಪಿಲ್ಲ ಎಂದು ನಂಬಲಾಗದು. ಆಕ್ಸ್, ವೇವ್‌ನಂಥ ಟೂಲ್‌ಗಳನ್ನು ನಾನೂ ಪ್ರತಿ ತಪಾಸಣೆಯಲ್ಲಿ ಓಡಿಸುತ್ತೇನೆ. ಆದರೆ ಅದು ಮೊದಲ ಅರ್ಧ ಗಂಟೆಯ ಕೆಲಸ.

ಅದಾದ ಮೇಲೆ ಮೌಸ್ ಪಕ್ಕಕ್ಕಿಡಿ. ಟ್ಯಾಬ್, ಶಿಫ್ಟ್-ಟ್ಯಾಬ್, ಎಂಟರ್, ಸ್ಪೇಸ್, ಎಸ್ಕೇಪ್, ಬಾಣದ ಕೀಲಿಗಳು, ಇಷ್ಟರಿಂದಲೇ ಅರ್ಜಿಯನ್ನು ಮೊದಲಿಂದ ಕೊನೆವರೆಗೆ ತುಂಬಿ. ಕೈ ನಡುಗುವವರು, ಮೌಸ್ ಹಿಡಿಯಲಾಗದವರು, ಒಂದೆರಡು ಗುಂಡಿಗಳಿಂದಲೇ ಎಲ್ಲ ಮಾಡುವ ಸ್ವಿಚ್ ಸಾಧನ ಬಳಸುವವರು ಹೆಚ್ಚುಕಮ್ಮಿ ಇದೇ ದಾರಿಯಲ್ಲಿ ಬರುತ್ತಾರೆ. ಟ್ಯಾಬ್ ಒತ್ತಿದಾಗಲೆಲ್ಲ ಈಗ ಎಲ್ಲಿದ್ದೀರಿ ಎಂದು ಕಾಣಬೇಕು. ಫೋಕಸ್ (ಕೀಬೋರ್ಡ್ ಈಗ ಇರುವ ಜಾಗ) ಸುತ್ತ ಬರುವ ಗೆರೆ ಚೆಂದ ಕಾಣುವುದಿಲ್ಲವೆಂದು ಡಿಸೈನರ್ ಅದನ್ನು ತೆಗೆಸಿರುವುದನ್ನು ನಾನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇನೆ. ಪಾಪ್-ಅಪ್ ತೆರೆದರೆ ಫೋಕಸ್ ಅದರೊಳಗೆ ಹೋಗಬೇಕು, ಎಸ್ಕೇಪ್ ಒತ್ತಿದರೆ ಅದು ಮುಚ್ಚಬೇಕು, ಫೋಕಸ್ ಹೊರಟ ಜಾಗಕ್ಕೇ ಮರಳಬೇಕು. ದಿನಾಂಕ ಆರಿಸುವ ಕ್ಯಾಲೆಂಡರ್ ಇದ್ದರೆ ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಒಳಹೋದ ಫೋಕಸ್ ಹೊರಬರಲಾರದೆ ಸಿಕ್ಕಿಹಾಕಿಕೊಳ್ಳುವುದು ಅಲ್ಲೇ ಹೆಚ್ಚು. ದಿನಾಂಕವನ್ನು ಟೈಪ್ ಮಾಡಲು ಬಿಟ್ಟರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಮೂರನೆಯದು ಸ್ಕ್ರೀನ್ ರೀಡರ್. ವಿಂಡೋಸ್‌ಗೆ ಎನ್‌ವಿಡಿಎ ಉಚಿತ. ಆಪಲ್ ಸಾಧನಗಳಲ್ಲಿ ವಾಯ್ಸ್‌ಓವರ್ ಮೊದಲೇ ಇರುತ್ತದೆ, ಆಂಡ್ರಾಯ್ಡ್ ಫೋನ್‌ಗಳಲ್ಲಿ ಸಾಮಾನ್ಯವಾಗಿ ಟಾಕ್‌ಬ್ಯಾಕ್ ಇರುತ್ತದೆ. ಎನ್‌ವಿಡಿಎಯಲ್ಲಿ ಎಚ್ ಕೀಲಿ ಒತ್ತಿದರೆ ಶೀರ್ಷಿಕೆಯಿಂದ ಶೀರ್ಷಿಕೆಗೆ, ಎಫ್ ಒತ್ತಿದರೆ ಖಾನೆಯಿಂದ ಖಾನೆಗೆ, ಬಿ ಒತ್ತಿದರೆ ಬಟನ್‌ನಿಂದ ಬಟನ್‌ಗೆ ಹಾರಬಹುದು. ಇನ್ಸರ್ಟ್ ಜೊತೆ ಎಫ್7 ಒತ್ತಿದರೆ ಪುಟದ ಲಿಂಕ್‌ಗಳ ಪಟ್ಟಿ ತೆರೆಯುತ್ತದೆ. ಆ ಪಟ್ಟಿಯಲ್ಲಿ ‘ಇಲ್ಲಿ ಕ್ಲಿಕ್ ಮಾಡಿ’ ಎಂಬುದೇ ಹದಿನಾಲ್ಕು ಸಲ ಇದ್ದರೆ ಯಾವುದು ಎಲ್ಲಿಗೆ ಹೋಗುತ್ತದೆಂದು ಯಾರಿಗೆ ಗೊತ್ತಾಗಬೇಕು?

ಒಂದು ನೋಂದಣಿ ಫಾರ್ಮ್ ತಪಾಸಣೆ ಮಾಡುತ್ತಿದ್ದ ದಿನ ನನಗೆ ಇನ್ನೂ ನೆನಪಿದೆ. ಪಕ್ಕದಲ್ಲಿ ಕೂತಿದ್ದ ಸಹೋದ್ಯೋಗಿಗೆ ಹುಟ್ಟಿನಿಂದ ದೃಷ್ಟಿ ಇಲ್ಲ. ಎಲ್ಲ ಖಾನೆ ತುಂಬಿ ‘ಸಲ್ಲಿಸಿ, ಬಟನ್’ ಎಂದು ಕೇಳಿಸಿದ ಕೂಡಲೇ ಎಂಟರ್ ಒತ್ತಿದರು. ಏನೂ ಕೇಳಿಸಲಿಲ್ಲ. ಮತ್ತೆ ಒತ್ತಿದರು. ಆಗಲೂ ಮೌನ. ‘ಹೋಯಿತಾ?’ ಎಂದು ನನ್ನನ್ನು ಕೇಳಿದರು. ಹೋಗಿರಲಿಲ್ಲ. ಫೋನ್ ನಂಬರ್ ಖಾನೆಯ ಅಂಚು ಕೆಂಪಾಗಿತ್ತು, ಅಷ್ಟೇ. ನನಗದು ಒಂದೇ ನೋಟಕ್ಕೆ ಕಂಡಿತು. ಅವರು ಮೇಲಕ್ಕೆ ಹೋಗಿ ಪ್ರತಿ ಖಾನೆಯನ್ನೂ ಮತ್ತೆ ಓದಿಸಿದರು, ನಂಬರ್ ಮಧ್ಯೆ ಒಂದು ಖಾಲಿ ಜಾಗ ಸೇರಿಕೊಂಡದ್ದು ತಪ್ಪಾಗಿದೆಯೆಂದು ಎಲ್ಲೂ ಕೇಳಿಸಲಿಲ್ಲ. ಆ ಫಾರ್ಮ್‌ನಲ್ಲಿ ಲೇಬಲ್, ಶೀರ್ಷಿಕೆ ಎಲ್ಲವೂ ಸರಿಯಾಗಿದ್ದವು. ಟೂಲ್‌ಗೆ ದೂರುವುದಕ್ಕೆ ಏನೂ ಸಿಕ್ಕಿರಲಿಲ್ಲ.

ನಿಮ್ಮ ಫಾರ್ಮ್‌ನಲ್ಲೂ ಹೀಗೇ ಆಗಿರಬಹುದೆಂದು ನನ್ನ ಊಹೆ. ಬೇಕೆಂದೇ ತಪ್ಪು ತುಂಬಿ ಸಲ್ಲಿಸಿ ನೋಡಿ. ತಪ್ಪು ಏನು, ಎಲ್ಲಿ ಎಂಬುದು ಅಕ್ಷರದಲ್ಲಿರಬೇಕು, ಆ ಖಾನೆಗೆ ಕೋಡ್‌ನಲ್ಲಿ ಜೋಡಿಸಿರಬೇಕು, ಫೋಕಸ್ ಅಲ್ಲಿಗೇ ಹೋಗಬೇಕು. ಬರೀ ಬಣ್ಣದಿಂದ ಹೇಳಿದ್ದು ಕೆಂಪು-ಹಸಿರು ಗುರುತಿಸಲಾಗದವರಿಗೂ ಮುಟ್ಟುವುದಿಲ್ಲ.

ಕೊನೆಗೆ ಕಣ್ಣಿನಿಂದ ನೋಡಿ ಮಾಡುವ ಪರೀಕ್ಷೆ. 1280 ಪಿಕ್ಸೆಲ್ ಅಗಲದ ಕಿಟಕಿಯಲ್ಲಿ ಬ್ರೌಸರ್ ಅನ್ನು 400 ಶೇಕಡಾಕ್ಕೆ ಹಿಗ್ಗಿಸಿ. ಸಾಲು ಓದಲು ಅಡ್ಡಡ್ಡ ಸರಿಸಬೇಕಾಗಿ ಬಂದರೆ ಅದು ದೋಷ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಕಾಂಟ್ರಾಸ್ಟ್ (ಹೊಳಪಿನ ಅಂತರ) ಇರಬೇಕು, ದೊಡ್ಡ ಅಕ್ಷರಕ್ಕೆ 3ಕ್ಕೆ 1 ಸಾಕು. ಬಿಳಿಯ ಮೇಲೆ #767676 ಬೂದು ಬಣ್ಣ 4.54 ಬಂದು ಪಾಸಾಗುತ್ತದೆ. ಡಿಸೈನರ್‌ಗಳ ನೆಚ್ಚಿನ #999999ಕ್ಕೆ ಸಿಗುವುದು ಸುಮಾರು 2.85 ಮಾತ್ರ. ಖಾನೆಯೊಳಗಿನ ಮಸುಕು ಸೂಚನೆಗಳು ಸೋಲುವುದು ಇಲ್ಲೇ. ವಿಡಿಯೊ ಇದ್ದರೆ ಕ್ಯಾಪ್ಶನ್ ಓದಿ ನೋಡಿ. ಯಂತ್ರ ತಾನಾಗಿ ಬರೆದದ್ದನ್ನು ಮನುಷ್ಯರೊಬ್ಬರು ತಿದ್ದದೆ ಬಿಡಬೇಡಿ, ಕಿವಿ ಕೇಳದವರಿಗೆ ಅಲ್ಲಿ ಇರುವುದು ಅದೊಂದೇ.

ಪ್ರಶ್ನೆ: ನಮ್ಮ ಕನ್ನಡ ಪುಟಗಳನ್ನು ಸ್ಕ್ರೀನ್ ರೀಡರ್ ಓದುವುದೇ ಇಲ್ಲ. ಕೆಲವು ಪುಟಗಳಲ್ಲಿ ಏನೇನೋ ಇಂಗ್ಲಿಷ್ ಅಕ್ಷರ ಹೇಳುತ್ತದೆ. ಇದು ಸಾಫ್ಟ್‌ವೇರ್‌ನ ಕೊರತೆಯೇ?

ಬಹುಪಾಲು ಅಲ್ಲ. ಎನ್‌ವಿಡಿಎ ಜೊತೆ ಬರುವ ಇಸ್ಪೀಕ್ ಧ್ವನಿಗೆ ಕನ್ನಡ ಬರುತ್ತದೆ, ಉಚ್ಚಾರಣೆ ಸ್ವಲ್ಪ ಒರಟು. ಆದರೆ ಪುಟ ಕನ್ನಡದ್ದೆಂದು ಅದಕ್ಕೆ ಯಾರಾದರೂ ಹೇಳಬೇಕಲ್ಲ. ಪುಟದ ಕೋಡ್‌ನ ಆರಂಭದಲ್ಲೇ ಭಾಷೆ ಸೂಚಿಸುವ ಲ್ಯಾಂಗ್ ಗುಣವಿರುತ್ತದೆ. ಸಿದ್ಧ ಟೆಂಪ್ಲೇಟ್ (ಪುಟದ ಅಚ್ಚು) ತಂದವರು ಅಲ್ಲಿ ಇಂಗ್ಲಿಷ್ ಎಂದೇ ಬಿಟ್ಟಿರುತ್ತಾರೆ. ಆಗ ಇಂಗ್ಲಿಷ್ ಧ್ವನಿ ಕನ್ನಡ ಓದಲು ಹೋಗಿ ತಡವರಿಸುತ್ತದೆ, ಇಲ್ಲವೇ ಸುಮ್ಮನೆ ದಾಟಿಹೋಗುತ್ತದೆ. ಒಂದು ಪದ ಬದಲಿಸಿದರೆ ಇಡೀ ತಾಣದಲ್ಲಿ ಸರಿಹೋಗುವ ದೋಷ ಇದು.

ಎರಡನೆಯದಕ್ಕೆ ಕಾರಣ ಹಳೆಯ ಫಾಂಟ್‌ಗಳು. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತ ಪದ್ಧತಿಯಾದ ಯುನಿಕೋಡ್ ಬಳಕೆಗೆ ಬರುವ ಮೊದಲು ಟೈಪ್ ಮಾಡಿದ ಪಠ್ಯದಲ್ಲಿ ಕಣ್ಣಿಗೆ ‘ಕ’ ಕಂಡರೂ ಒಳಗೆ ಇರುವುದು ಬೇರೆಯೇ ಇಂಗ್ಲಿಷ್ ಅಕ್ಷರವೋ ಚಿಹ್ನೆಯೋ. ಸ್ಕ್ರೀನ್ ರೀಡರ್ ಒಳಗಿರುವುದನ್ನೇ ಓದುತ್ತದೆ. ಅನುಮಾನವಿದ್ದರೆ ಒಂದು ಸಾಲನ್ನು ನಕಲು ಮಾಡಿ ನೋಟ್‌ಪ್ಯಾಡ್‌ಗೆ ಅಂಟಿಸಿ, ಅಲ್ಲಿ ಕನ್ನಡ ಉಳಿಯದಿದ್ದರೆ ಪಠ್ಯವನ್ನು ಯುನಿಕೋಡ್‌ಗೆ ಪರಿವರ್ತಿಸಲೇಬೇಕು. ಪಿಡಿಎಫ್‌ಗಳನ್ನೂ ಹೀಗೇ ನೋಡಿ. ಸ್ಕ್ಯಾನ್ ಮಾಡಿ ಹಾಕಿದ ಪಿಡಿಎಫ್ ಬರೀ ಚಿತ್ರ, ಅದರಲ್ಲಿ ಓದಲು ಅಕ್ಷರವೇ ಇರುವುದಿಲ್ಲ.

ಪ್ರಶ್ನೆ: ಒಂದು ಸಾಲು ಕೋಡ್ ಸೇರಿಸಿದರೆ ಇಡೀ ತಾಣ ತಾನಾಗಿ ಸರಿಯಾಗುತ್ತದೆ ಎಂದು ಒಂದು ಕಂಪನಿ ಹೇಳುತ್ತಿದೆ. ಕೊಳ್ಳಬಹುದೇ?

ಬೇಡ. ಕಣ್ಣು ಕಾಣದವರ ಬಳಿ ತಮ್ಮ ಸ್ಕ್ರೀನ್ ರೀಡರ್ ಇದ್ದೇ ಇರುತ್ತದೆ. ಮೇಲಿಂದ ಹೊದಿಸಿದ ಸ್ಕ್ರಿಪ್ಟ್ ಎಷ್ಟೋ ಸಲ ಅದರ ಕೆಲಸಕ್ಕೇ ಅಡ್ಡ ಬರುತ್ತದೆ. ತಪ್ಪು ಎಲ್ಲಿದೆ ಎಂದು ಹೇಳದ ಫಾರ್ಮ್ ಇದನ್ನು ಹೊದಿಸಿದ ಮೇಲೂ ಹೇಳುವುದಿಲ್ಲ. ತನ್ನ ಸಾಧನ ಯಾವ ಜಾಲತಾಣವನ್ನಾದರೂ ಮಾನದಂಡಕ್ಕೆ ತರುತ್ತದೆ ಎಂದು ಪ್ರಚಾರ ಮಾಡಿದ ಇಂಥ ಒಂದು ಕಂಪನಿ 10 ಲಕ್ಷ ಡಾಲರ್ ಕಟ್ಟಬೇಕೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರಲ್ಲಿ ಆದೇಶ ಮಾಡಿತು. ಇಂಥ ಸಾಧನದ ಚಂದಾಕ್ಕೆ ನೀವು ಕೊಡಬೇಕಾಗಿದ್ದ ಹಣವನ್ನು ಅಂಗವಿಕಲ ಪರೀಕ್ಷಕರಿಗೆ ಸಂಭಾವನೆಯಾಗಿ ಕೊಡಿ. ಒಂದು ಮಧ್ಯಾಹ್ನದಲ್ಲಿ ಅವರು ತೋರಿಸುವಷ್ಟನ್ನು ಆ ಸ್ಕ್ರಿಪ್ಟ್ ಎಂದೂ ತೋರಿಸಲಾರದು.

ಪ್ರಶ್ನೆ: ನಮ್ಮಲ್ಲಿ 900 ಪುಟಗಳಿವೆ. ಎಲ್ಲವನ್ನೂ ನೋಡಬೇಕೇ? ಯಾವ ಮಾನದಂಡ ಹಿಡಿಯಬೇಕು?

ಮಾನದಂಡ ವಿಕ್ಯಾಗ್, ಅಂದರೆ ಜಾಲದ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಆಕ್ಸೆಸಿಬಿಲಿಟಿ ಮಾರ್ಗಸೂಚಿ. 2023ರ ಅಕ್ಟೋಬರ್‌ನಲ್ಲಿ ಬಂದ 2.2 ಆವೃತ್ತಿಯನ್ನು ಹಿಡಿಯಿರಿ, ಅದರ ಎ, ಡಬಲ್-ಎ, ಟ್ರಿಪಲ್-ಎ ಎಂಬ ಮೂರು ಮಟ್ಟಗಳಲ್ಲಿ ಡಬಲ್-ಎ ಸಾಕು. ಎ ಮತ್ತು ಡಬಲ್-ಎ ಸೇರಿ ಅದರಲ್ಲಿ 55 ಅಂಶಗಳಿವೆ. 2.2ರಲ್ಲಿ ಹೊಸದಾಗಿ ಸೇರಿದ್ದರಲ್ಲಿ ಒಂದು ನನಗೆ ಬಹಳ ಮುಖ್ಯ ಅನ್ನಿಸುತ್ತದೆ: ಲಾಗಿನ್ ಆಗಲು ನೆನಪಿನ ಶಕ್ತಿಯೊಂದನ್ನೇ ನೆಚ್ಚಿಕೊಳ್ಳಬೇಕಾಗಿ ಬರಬಾರದು. ಪಾಸ್‌ವರ್ಡ್ ಅಂಟಿಸುವುದನ್ನು ತಡೆಯುವ ತಾಣಗಳು ಮರೆವು ಇರುವವರನ್ನು ಬಾಗಿಲಲ್ಲೇ ನಿಲ್ಲಿಸುತ್ತವೆ.

900 ಪುಟ ನೋಡುವುದು ಬೇಡ. ಪ್ರತಿ ಟೆಂಪ್ಲೇಟ್‌ನಿಂದ ಒಂದೆರಡು ಪುಟ, ಜೊತೆಗೆ ಮುಖಪುಟ, ಲಾಗಿನ್, ಹುಡುಕಾಟ, ಸಂಪರ್ಕ ಪುಟ, ವಿಡಿಯೊ ಅಥವಾ ಪಿಡಿಎಫ್ ಇರುವ ಪುಟ ಆರಿಸಿ. ಆಮೇಲೆ ಕಣ್ಣು ಮುಚ್ಚಿ ಇನ್ನು ಕೆಲವನ್ನು ಎತ್ತಿಕೊಳ್ಳಿ. ಡಬ್ಲ್ಯು3ಸಿಯ ವಿಧಾನದ ಪ್ರಕಾರ ಆರಿಸಿದ್ದರ 10 ಶೇಕಡಾದಷ್ಟು ಹೀಗಿರಬೇಕು. ಅರ್ಜಿ, ಪಾವತಿಯಂಥ ಕೆಲಸಗಳನ್ನು ಮಾತ್ರ ಮೊದಲ ಹೆಜ್ಜೆಯಿಂದ ಕೊನೆಯ ಹೆಜ್ಜೆವರೆಗೆ ಪೂರ್ತಿ ನೋಡಿ. ಐದರಲ್ಲಿ ನಾಲ್ಕು ಹೆಜ್ಜೆ ಸರಿಯಿದ್ದು ಒಂದು ಕೆಟ್ಟಿದ್ದರೂ ಇಡೀ ಕೆಲಸ ಕೆಟ್ಟಂತೆಯೇ ಲೆಕ್ಕ.

ಪ್ರಶ್ನೆ: ಸಲಹೆಗಾರರು 140 ಪುಟಗಳ ಆಡಿಟ್ ವರದಿ ಕೊಟ್ಟಿದ್ದಾರೆ. ಡೆವಲಪರ್‌ಗಳು ತೆರೆದೂ ನೋಡಿಲ್ಲ. ಏನು ಮಾಡಲಿ?

ವರದಿಯನ್ನು ಪುಟವಾರು ಇಟ್ಟಿದ್ದರೆ ಕಾರಣವಾರು ಮಾಡಿಸಿ. ಮೆನುವಿನ ಒಂದೇ ದೋಷ 60 ಪುಟಗಳಲ್ಲಿ 60 ಸಲ ಬರೆದಿರುತ್ತದೆ, ತಿದ್ದಬೇಕಾದದ್ದು ಒಂದೇ ಕಡೆ. ನಾನು ಒಂದು ದೋಷವನ್ನು ಹೀಗೆ ಬರೆಯುತ್ತೇನೆ: ‘ಸಲ್ಲಿಸಿ ಒತ್ತಿದಾಗ ಫೋನ್ ನಂಬರ್ ತಪ್ಪಿದ್ದರೆ ಅಂಚು ಕೆಂಪಾಗುತ್ತದೆ, ಏನೂ ಕೇಳಿಸುವುದಿಲ್ಲ. ಕಣ್ಣು ಕಾಣದವರು ಇಲ್ಲಿಂದ ಮುಂದೆ ಹೋಗಲಾರರು. ವಿಕ್ಯಾಗ್ ಅಂಶ 3.3.1. ಖಾನೆಯ ಕೆಳಗೆ ಕಾರಣ ಬರೆದು ಖಾನೆಗೆ ಜೋಡಿಸಿ, ಫೋಕಸ್ ಅಲ್ಲಿಗೆ ಒಯ್ಯಿರಿ.’ ಓದಿದ ಡೆವಲಪರ್ ಮತ್ತೆ ಯಾರನ್ನೂ ಕೇಳಬೇಕಾಗಬಾರದು.

ಯಾವುದನ್ನು ಮೊದಲು ತಿದ್ದಬೇಕು ಎಂಬುದಕ್ಕೆ ಎ, ಡಬಲ್-ಎ ನೋಡಬೇಡಿ. ಕೆಲಸ ಮುಗಿಸಲು ಬಿಡದ ದೋಷಗಳು ಮೊದಲು, ಕಷ್ಟ ಕೊಡುವವು ಆಮೇಲೆ, ಕಿರಿಕಿರಿ ಮಾಡುವವು ಕೊನೆಗೆ. ವರದಿ ಕೈಗೆ ಕೊಟ್ಟು ಬರುವ ಬದಲು ಡೆವಲಪರ್‌ಗಳನ್ನು ಕೂರಿಸಿಕೊಂಡು ಮೊದಲ ಮೂರು ದೋಷಗಳನ್ನು ಸ್ಕ್ರೀನ್ ರೀಡರ್‌ನಲ್ಲಿ ಕೇಳಿಸಿ. ತಿದ್ದಿದ ಮೇಲೆ ಅದೇ ಹೆಜ್ಜೆಗಳನ್ನು ಮತ್ತೆ ಹಾಕಿ ನೋಡಿ, ಏಕೆಂದರೆ ಒಂದನ್ನು ತಿದ್ದುವಾಗ ಇನ್ನೊಂದು ಕೆಡುವುದು ಮಾಮೂಲು. ತೊಂದರೆಯಾಗಿದೆ ಎಂದು ಯಾರಾದರೂ ಬರೆದು ತಿಳಿಸಿದ್ದರೆ, ದೋಷ ಮುಗಿಯಿತೆಂದು ಗುರುತು ಹಾಕುವ ಮುನ್ನ ಅವರಿಗೇ ಲಿಂಕ್ ಕಳಿಸಿ, ಈ ಸಲ ಅರ್ಜಿ ಹೋಯಿತೇ ಎಂದು ಕೇಳಿ.