ಡಸ್ಟರ್ ಸದ್ದು ಮತ್ತು ಅರವತ್ತು ಉತ್ತರಗಳು

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಟೀಚರ್ ಒಪ್ಪಿದ್ದಾರೆ, ಹುಡುಗನ ತಾಯಿಯೂ ಓದಿ ಒಪ್ಪಿದ್ದಾರೆ.)

ಸಲಹೆ ಕೇಳಲು ನನ್ನ ಹತ್ತಿರ ಬಂದ ಟೀಚರ್ ಕೂತವರೇ ಫೋನನ್ನು ನನ್ನ ಮೇಜಿನ ಮೇಲಿಟ್ಟರು. "ಇದನ್ನ ಓದಿಬಿಡಿ ಮೇಡಂ, ನನಗೆ ಬಾಯಲ್ಲಿ ಹೇಳೋಕಾಗಲ್ಲ" ಅಂದರು.

ಅದು ಶಿಕ್ಷಕರದೇ ಒಂದು ಆನ್‌ಲೈನ್ ಗುಂಪು. ಮನಸ್ಸಿಗೆ ಪೆಟ್ಟು ಬಿದ್ದ ಮಕ್ಕಳನ್ನು ತರಗತಿಯಲ್ಲಿ ಹೇಗೆ ನೋಡಿಕೊಳ್ಳಬೇಕು ಅಂತ ಅಲ್ಲಿ ಮಾತಾಡಿಕೊಳ್ಳುತ್ತಾರೆ. ಟೀಚರ್ ಒಂದು ರಾತ್ರಿ ತಮ್ಮ ಕ್ಲಾಸಿನ ಹುಡುಗನೊಬ್ಬನ ಬಗ್ಗೆ ಉದ್ದಕ್ಕೆ ಬರೆದಿದ್ದರು. ಅಪ್ಪ ಹೊಡೆಯುತ್ತಿದ್ದದ್ದು, ತಾಯಿ ಮಗನನ್ನು ಕರೆದುಕೊಂಡು ಮನೆ ಬಿಟ್ಟಿದ್ದು, ಯಾವ ತಿಂಗಳಲ್ಲಿ ಅನ್ನೋದು, ಎಲ್ಲ. ಹುಡುಗನ ಹೆಸರು ಹಾಕಿರಲಿಲ್ಲ. ಆದರೆ ಅವರ ಪ್ರೊಫೈಲಿನಲ್ಲಿ ಶಾಲೆಯ ಹೆಸರಿತ್ತು. ಅಷ್ಟು ಸಾಕಲ್ವಾ? ನಾಲ್ಕನೇ ದಿನ ತಾಯಿ ಗೇಟಿನ ಹತ್ತಿರ ಬಂದು ಸ್ಕ್ರೀನ್‌ಶಾಟ್ ತೋರಿಸಿದರಂತೆ. "ನಿಮ್ಮನ್ನ ನಂಬಿ ಹೇಳಿದ್ದೆ ಮಿಸ್" ಅಂದು ಹೊರಟುಹೋದರಂತೆ.

"ಬೈದಿದ್ರೆ ಎಷ್ಟೋ ವಾಸಿ ಇತ್ತು" ಅಂದರು ಟೀಚರ್.

ನಾನು ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ಇವರು ಈಗ ಎಲ್ಲಿದ್ದಾರೆ ಅಂತ ಆ ಅಪ್ಪನಿಗೆ ಗೊತ್ತಾ?" ಟೀಚರ್ ಮುಖ ಬಿಳುಚಿಕೊಂಡಿತು. ಅದನ್ನು ಅವರು ಯೋಚಿಸಿಯೇ ಇರಲಿಲ್ಲ. ಅವತ್ತೇ ಮಾಡಬೇಕಾದ್ದನ್ನು ಹೇಳಿದೆ. ಬರೆದದ್ದನ್ನು ಅಳಿಸಿ. ಅದನ್ನು ಯಾರಾದರೂ ಬೇರೆ ಕಡೆ ಹಂಚಿದ್ದರೆ ತೆಗೆಸಿ ಅಂತ ಗುಂಪು ನಡೆಸುವವರಿಗೆ ಹೇಳಿ. ಮುಖ್ಯ ಶಿಕ್ಷಕರಿಗೆ ನೀವೇ ತಿಳಿಸಿ, ಹುಡುಗನನ್ನು ತಾಯಿ ಹೇಳಿದವರ ಜೊತೆ ಬಿಟ್ಟು ಬೇರೆ ಯಾರ ಜೊತೆಗೂ ಕಳಿಸದ ಹಾಗೆ ನೋಡಿಕೊಳ್ಳಿ. ಆಮೇಲೆ ತಾಯಿಯ ಹತ್ತಿರ ಹೋಗಿ. ಕ್ಷಮೆ ಕೊನೆಗೆ ಕೇಳಿ. ಏನು ಬರೆದಿದ್ದೆ, ಎಷ್ಟು ದಿನ ಇತ್ತು, ಈಗ ಏನು ಮಾಡಿದ್ದೀನಿ ಅನ್ನೋದನ್ನ ಮೊದಲು ಹೇಳಿ. ತಮ್ಮ ಸುರಕ್ಷತೆಗೆ ಇನ್ನೇನು ಮಾಡಬೇಕು ಅಂತ ಅವರು ತೀರ್ಮಾನ ಮಾಡಬೇಕಲ್ಲ.

ಟೀಚರ್ ಕೆಟ್ಟವರಲ್ಲ. ಮೂರು ತಿಂಗಳಿಂದ ಸರಿಯಾಗಿ ನಿದ್ದೆ ಮಾಡದವರು. ಶಾಲೆಯಲ್ಲಿ ಕೇಳಲು ಯಾರೂ ಇರಲಿಲ್ಲ, ಗುಂಪಿನಲ್ಲಿ ಒಂದೇ ರಾತ್ರಿಗೆ ಅರವತ್ತು ಉತ್ತರ ಬಂತು. ನಾನೂ ಓದಿದೆ. ನಾಲ್ಕೈದು ನಿಜಕ್ಕೂ ಚೆನ್ನಾಗಿದ್ದವು. ಉಳಿದವರು ಸುಮ್ನೆ ಅಯ್ಯೋ ಪಾಪ ಅಂದಿದ್ದರು, ಇಲ್ಲವೇ ಮಗುವನ್ನು ನೋಡದೆಯೇ ಕಾಯಿಲೆಗೆ ಹೆಸರಿಟ್ಟಿದ್ದರು. ಒಬ್ಬರಂತೂ ಹುಡುಗನ 'ಏಸ್ ಅಂಕ' ಲೆಕ್ಕ ಹಾಕಿ ಕೊಟ್ಟಿದ್ದರು! ಬಾಲ್ಯದಲ್ಲಿ ಎಷ್ಟು ಬಗೆಯ ಕಹಿ ಅನುಭವ ಆಗಿದೆ ಅಂತ ಎಣಿಸುವ ಅಂಕ ಅದು, 1998ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಿಂದ ಬಂದದ್ದು. ದೊಡ್ಡವರನ್ನು ಸಾವಿರಾರು ಸಂಖ್ಯೆಯಲ್ಲಿ ಕೇಳಿ, ಬಾಲ್ಯದ ಕಷ್ಟಕ್ಕೂ ಮುಂದಿನ ಆರೋಗ್ಯಕ್ಕೂ ಇರುವ ನಂಟನ್ನು ತೋರಿಸಿದ ಕೆಲಸ. ಗುಂಪುಗುಂಪು ಜನರ ಬಗ್ಗೆ ಅದು ಬಹಳ ಹೇಳುತ್ತದೆ. ಮುಂದೆ ಕೂತ ಒಂದು ಮಗು ನಾಳೆ ಏನಾಗುತ್ತದೆ ಅಂತ ಹೇಳುವುದಿಲ್ಲ. ಆ ಉತ್ತರ ಓದಿ ಟೀಚರ್ ಅತ್ತಿದ್ದರಂತೆ.

ಇನ್ನು ಹುಡುಗ. ಪಾಠದ ನಡುವೆ ಇದ್ದಕ್ಕಿದ್ದ ಹಾಗೆ ಬೆಂಚಿನ ಕೆಳಗೆ ಇಳಿಯುತ್ತಾನೆ. ಶೂ ಲೇಸನ್ನು ಬೆರಳಿಗೆ ಸುತ್ತುತ್ತಾನೆ, ಬೆರಳ ತುದಿ ನೀಲಿಯಾಗುವ ತನಕ. ಕರೆದರೆ ಕೇಳಿಸದವನ ಹಾಗೆ ಇರುತ್ತಾನೆ. ಎಳೆದರೆ ಒದೆಯುತ್ತಾನೆ. "ಯಾಕೆ ಹೀಗೆ ಮಾಡ್ತೀಯ ಅಂತ ಸಾವಿರ ಸಲ ಕೇಳಿದೀನಿ" ಅಂದರು. ಅವನಿಗೆ ಗೊತ್ತಿದ್ದರೆ ತಾನೇ ಹೇಳೋದು! ಅಪಾಯ ಅಂತ ಅನಿಸಿದಾಗ ಮೈ ಮೊದಲು ಓಡುತ್ತದೆ, ಯೋಚನೆ ಹಿಂದೆ ಬರುತ್ತದೆ. ಆ ಹೊತ್ತಲ್ಲಿ ಪ್ರಶ್ನೆ ಕೇಳಿ ಉಪಯೋಗವಿಲ್ಲ.

ಎರಡು ವಾರ ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಳ್ಳಿ ಅಂದೆ. ಅವನು ಮಾಡಿದ್ದನ್ನು ಬರೆಯಬೇಡಿ. ಅದಕ್ಕೆ ಒಂದು ನಿಮಿಷ ಮುಂಚೆ ತರಗತಿಯಲ್ಲಿ ಏನಾಯ್ತು ಅನ್ನೋದನ್ನ ಬರೆಯಿರಿ. ಸದ್ದು, ಯಾರು ಎಲ್ಲಿ ನಿಂತಿದ್ದರು, ಅಷ್ಟೇ.

ನೋಟ್‌ಬುಕ್ ತಂದವರು ಅದನ್ನು ತೆರೆಯದೆ ಕೂತಿದ್ದರು. ಒಂಬತ್ತು ಸಲ ಕೆಳಗೆ ಇಳಿದಿದ್ದ. ಏಳು ಸಲ, ಅದಕ್ಕೆ ಮುಂಚೆ, ಗಲಾಟೆ ನಿಲ್ಲಿಸಲು ಟೀಚರ್ ಡಸ್ಟರನ್ನು ಮೇಜಿಗೆ ಬಡಿದಿದ್ದರು. "ನಾನೇ ಮೇಡಂ" ಅಂದರು. ಇಪ್ಪತ್ತು ವರ್ಷದ ಅಭ್ಯಾಸವಂತೆ.

ಆಘಾತದ ಅರಿವಿಟ್ಟುಕೊಂಡು ಶಾಲೆ ನಡೆಸುವುದು ಅಂದರೆ ಏನು ಅಂತ ಕೇಳುವವರಿಗೆ ನಾನು ಈಗ ಈ ಡಸ್ಟರಿನ ಕಥೆಯನ್ನೇ ಹೇಳುತ್ತೇನೆ. ಮಾನಸಿಕ ಆರೋಗ್ಯದ ಕೆಲಸ ನೋಡುವ, ಅಮೆರಿಕದ ಸ್ಯಾಮ್ಸಾ (SAMHSA) ಅನ್ನುವ ಸರ್ಕಾರಿ ಸಂಸ್ಥೆ 2014ರಲ್ಲಿ ಇದಕ್ಕೆ ನಾಲ್ಕು ಮಾತು ಹೇಳಿತು: ಆಘಾತ ಎಷ್ಟು ವ್ಯಾಪಕ ಅಂತ ತಿಳಿಯುವುದು, ಲಕ್ಷಣ ಗುರುತಿಸುವುದು, ಅದಕ್ಕೆ ತಕ್ಕ ಹಾಗೆ ನಡೆದುಕೊಳ್ಳುವುದು, ಮತ್ತೆ ಗಾಯ ಮಾಡದಿರುವುದು. ಮೊದಲ ಮೂರನ್ನು ಎಲ್ಲರೂ ಕಲಿಯುತ್ತಾರೆ. ನಾಲ್ಕನೆಯದರಲ್ಲೇ ನಾವು ಜಾಸ್ತಿ ಎಡವೋದು. ಡಸ್ಟರಿನಲ್ಲೂ ಅದೇ ಆಗಿದ್ದು, ಆ ರಾತ್ರಿಯ ಬರಹದಲ್ಲೂ ಅದೇ.

ತರಗತಿಗೆ ಕೊಟ್ಟ ಸಲಹೆ ಚಿಕ್ಕದು. ಗಲಾಟೆ ನಿಲ್ಲಿಸಲು ಕೈ ಎತ್ತಿ ನಿಲ್ಲಿ, ಬಡಿಯಬೇಡಿ. ಅವನನ್ನು ಹಿಂದೆ ಗೋಡೆ ಇರುವ, ಬಾಗಿಲು ಕಾಣುವ ಜಾಗದಲ್ಲಿ ಕೂರಿಸಿ. ಬೆಂಚಿನ ಕೆಳಗೆ ಹೋದರೆ ಎಳೆಯಬೇಡಿ, ಸ್ವಲ್ಪ ದೂರದಲ್ಲಿ ಅವನ ಎತ್ತರಕ್ಕೆ ಕೂತು, "ನಾನು ಇಲ್ಲೇ ಇದೀನಿ" ಅಂತ ಒಮ್ಮೆ ಹೇಳಿ, ಸುಮ್ಮನಿರಿ.

ಗುಂಪು ಬಿಟ್ಟುಬಿಡ್ತೀನಿ ಅಂದರು. ಬೇಡ ಅಂದೆ. ಒಂಟಿಯಾಗಿ ಇದನ್ನು ಹೊರಲು ಆಗೋದಿಲ್ಲ. ಕೇಳುವ ರೀತಿ ಬದಲಾಗಬೇಕು, ಅಷ್ಟೇ. ಇಬ್ಬರೂ ಕೂತು ಹೊಸದಾಗಿ ಬರೆದೆವು: "ದೊಡ್ಡ ಸದ್ದಿಗೆ ಮಗು ಅಡಗಿಕೊಂಡರೆ, ಉಳಿದ ಮಕ್ಕಳಿಗೆ ನೀವು ಏನು ಹೇಳುತ್ತೀರಿ?" ಎರಡೇ ಸಾಲು. ಇದರಲ್ಲಿ ಅಪ್ಪ ಇಲ್ಲ, ಮನೆ ಇಲ್ಲ, ತಿಂಗಳೂ ಇಲ್ಲ. ಕಳಿಸುವ ಮುಂಚೆ, ತಾಯಿ ಇದನ್ನು ಓದಿದರೆ ತನ್ನ ಮಗನೇ ಅಂತ ಗೊತ್ತಾಗುತ್ತಾ ಅಂತ ನೋಡಿ ಅಂದೆ. ಒಂದು ಮಾತು ಖಂಡಿತವಾಗಿ ಹೇಳಿದೆ: ಮಗುವಿಗೆ ಈಗಲೂ ಯಾರೋ ಹೊಡೆಯುತ್ತಿದ್ದಾರೆ ಅನ್ನುವ ಅನುಮಾನ ಬಂದರೆ ಗುಂಪಿಗೆ ಬರೆಯುತ್ತಾ ಕೂರಬೇಡಿ, ಅವತ್ತೇ ಮುಖ್ಯ ಶಿಕ್ಷಕರಿಗೂ ಮಕ್ಕಳ ರಕ್ಷಣೆ ನೋಡುವವರಿಗೂ ತಿಳಿಸಿ.

ಟೀಚರ್ ತಮಗಾಗಿ ಆರು ಸಲ ಬಂದರು. ಇತರರ ನೋವು ಕೇಳಿ ಕೇಳಿ ನಿದ್ದೆ ಕೆಡುವುದು ದೌರ್ಬಲ್ಯವಲ್ಲ ಅಂತ ಒಪ್ಪಲು ಅವರಿಗೆ ನಾಲ್ಕು ಸಲ ಬೇಕಾಯಿತು. ರಾತ್ರಿ ಒಂಬತ್ತರ ಮೇಲೆ ಗುಂಪು ನೋಡೋದು ನಿಲ್ಲಿಸಿದ್ದಾರೆ.

ಹುಡುಗ ಈಗಲೂ ಆಗಾಗ ಕೆಳಗೆ ಇಳಿಯುತ್ತಾನೆ, ಬೇಗ ಮೇಲೆ ಬರುತ್ತಾನೆ. ತಾಯಿ ಮಾತ್ರ ಟೀಚರ್ ಜೊತೆ ಮೊದಲಿನ ಹಾಗೆ ಮಾತಾಡುವುದಿಲ್ಲ. ಮಗನನ್ನು ಬಿಟ್ಟು, ತಲೆಯಾಡಿಸಿ ಹೋಗುತ್ತಾರೆ.